ಅರ್ಧಕ್ಕೆ ನಿಂತ ಕೌದಿ

ಅಜ್ಜಿ ಅರ್ಧಕ್ಕೆ ಬಿಟ್ಟ ಕೌದಿಯನ್ನು ಟ್ರಂಕಿನಿಂದ ತೆಗೆದು ಪೂರ್ತಿ ಮಾಡುವ ಉಮೇದು ಮೆಚ್ಚತಕ್ಕದ್ದೇ. ಆದರೆ ಹಾಗೆ ಮುಗಿಸಿದ್ದೆಲ್ಲ ಚೆನ್ನಾಗಿರುತ್ತದೆ ಎನ್ನಲಾಗದು.

ಅಮೆರಿಕದಲ್ಲಿ ಈ ಕೆಲಸ ಒಂದು ಬಗೆಯದು. 1930ರ ದಶಕದ ಬಡತನದಲ್ಲಿ ಹಿಟ್ಟು, ಪಶು ಆಹಾರದ ಚೀಲಗಳ ಅಚ್ಚಿನ ಬಟ್ಟೆಯನ್ನೂ ಕತ್ತರಿಸಿ ಜೋಡಿಸಿದ ಎಷ್ಟೋ ಕ್ವಿಲ್ಟ್‌ಗಳು ಬರೀ ಮೇಲ್ಪದರವಾಗಿ ಉಳಿದವು. ಮೊಮ್ಮಕ್ಕಳು ಅಡಿಗೆ ಹತ್ತಿ, ಅಸ್ತರು ಇಟ್ಟು ಹೊಲಿದರೆ ಮುಗಿಯಿತು, ವಿನ್ಯಾಸ ಅಜ್ಜಿಯದೇ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿ, ಅಂದರೆ ಕವಂದಿ, ಹಾಗಲ್ಲ. ಹಳೆ ಸೀರೆಯನ್ನು ಅಡಿಗೆ ಹಾಸಿ, ಮೂಲೆಯಿಂದ ಹೊರಟು, ತುಂಡು ಇಡುತ್ತ ಜತೆಜತೆಗೇ ಸಾಲಾಗಿ ಹೊಲಿಗೆ ಹಾಕುತ್ತ, ಅಂಚಿನಿಂದ ನಡುವಿಗೆ ಸುತ್ತಿ ಬರುತ್ತಾರೆ. ಜೋಡಣೆ, ಹೊಲಿಗೆ ಎರಡೂ ಒಂದೇ ಕೆಲಸ. ಮೂಲೆಗಳಿಗೆ ಬಟ್ಟೆ ಮಡಿಸಿ ಮಾಡಿದ ಹೂ ಕೂಡಿಸಿದ ಮೇಲೆಯೇ ಅದು ಪೂರ್ತಿಯಾದ ಲೆಕ್ಕ. ಹೀಗಾಗಿ ಕೈ ನಿಂತರೆ ಖಾಲಿ ಉಳಿಯುವುದು ನಡುಭಾಗ. ಅಲ್ಲಿ ಯಾವ ಬಣ್ಣ, ಎಷ್ಟಗಲದ ತುಂಡು ಎಂಬುದನ್ನು ಮುಂದಿನವಳೇ ತೀರ್ಮಾನಿಸಬೇಕು.

ಎಡವಟ್ಟಾಗುವುದು ಇಲ್ಲಿಯೇ. ಕೆಲವರು ಅಂಗಡಿಯ ಹೊಸ ಬಟ್ಟೆ ತಂದು ಮಷಿನ್ನಿಗೆ ಕೊಡುತ್ತಾರೆ. ಉಟ್ಟು ಮೆತ್ತಗಾದ ನೂಲಿನ ಪಕ್ಕದಲ್ಲಿ ಬಿರುಸು ಬಟ್ಟೆ ಜಗ್ಗುತ್ತದೆ. ಗಟ್ಟಿ ಪಾಲಿಯೆಸ್ಟರ್ ದಾರ ಹಳೆ ಎಳೆಯನ್ನು ಹರಿಯಬಹುದು. ಇನ್ನು ಕೆಲವರು ಅಜ್ಜಿಯ ಸೊಟ್ಟ ಸಾಲುಗಳನ್ನು ಬಿಚ್ಚಿ ನೆಟ್ಟಗೆ ಮಾಡುತ್ತಾರೆ. ಇದು ದುರಸ್ತಿಯಲ್ಲ, ಅಳಿಸುವಿಕೆ. ಆಕೆಯ ಹೊಲಿಗೆಯನ್ನು ಗುರುತು ಸಿಗದಂತೆ ಅನುಕರಿಸುವುದೂ ನನಗೆ ಒಪ್ಪಿಗೆಯಿಲ್ಲ. ಎರಡು ಕೈ ಸೇರಿದ ಜಾಗ ಕಾಣಬೇಕು. ಮನೆಯ ಚರಿತ್ರೆ ಇರುವುದು ಅಲ್ಲೇ.

ಮುಟ್ಟದೆ ಹಾಗೇ ಇಡಿ ಎನ್ನುವವರಿದ್ದಾರೆ. ಪುಡಿಪುಡಿಯಾಗುವ ಬಟ್ಟೆಗೆ ಆ ಮಾತು ಸರಿ. ಗಟ್ಟಿಯಿರುವುದಕ್ಕೆ ಸಲ್ಲದು. ಅಜ್ಜಿ ಅದನ್ನು ಹೊಲಿದದ್ದು ಚಳಿಗೆ, ಪ್ರದರ್ಶನಕ್ಕಲ್ಲ. ಮನೆಮಂದಿ ಉಟ್ಟು ಬಿಟ್ಟ ಬಟ್ಟೆಯೇ ಕವಂದಿಯ ಮೂಲ ಸಾಮಗ್ರಿಯಾದ್ದರಿಂದ, ಇಂದಿನವರ ಹಳೆ ಸೀರೆ, ಅಂಗಿ ನಡುವಿಗೆ ಬರುವುದೇ ನ್ಯಾಯ.

ನಿಮ್ಮ ಟ್ರಂಕಿನಲ್ಲೂ ಅಂಥದ್ದಿದ್ದರೆ ಮೊದಲು ಬೆಳಕಿಗೆ ಹಿಡಿದು ನೋಡಿ. ಬಟ್ಟೆ ತಾಳುವಂತಿದ್ದರೆ ಹತ್ತಿಯ ದಾರದಲ್ಲಿ, ನಿಮ್ಮದೇ ಕೈಯಲ್ಲಿ ಮುಗಿಸಿ. ಹಿಂಬದಿಗೆ ಇಬ್ಬರ ಹೆಸರನ್ನೂ ಹೊಲಿಯಿರಿ. ಆಮೇಲೆ ಮಡಚಿಡಬೇಡಿ, ಹೊದೆಯಿರಿ.