ಸ್ವೀಡನ್‌ಗೆ ಹೋದವರು ಏನು ನೋಡಿ ಬರ್ತಾರೆ?

ವಿದೇಶಿ ಅಧ್ಯಯನ ಪ್ರವಾಸದ ವರದಿ ಅನ್ನೋದು ಒಂದು ಸಾಹಿತ್ಯ ಪ್ರಕಾರ. ಕಾದಂಬರಿ, ಸಣ್ಣಕಥೆ, ಹರಟೆ ಇದ್ದ ಹಾಗೇ ಇದಕ್ಕೂ ಒಂದು ಚೌಕಟ್ಟಿದೆ. ಮೊದಲ ಪುಟದಲ್ಲಿ ತಂಡದ ಗ್ರೂಪ್ ಫೋಟೊ, ಎಲ್ಲರ ಮೈಮೇಲೂ ಹೊಸ ಜಾಕೆಟ್. ಆಮೇಲೆ ಆ ಊರಿನ ಜನಸಂಖ್ಯೆ, ಹವಾಮಾನ, ಸ್ವಾಗತಿಸಿದ ಅಧಿಕಾರಿಗಳ ಪಟ್ಟಿ. ನಡುವೆ ಸೈಕಲ್ ಟ್ರ್ಯಾಕ್, ಕಸದ ಡಬ್ಬಿ, ಕಾಲುವೆಗಳ ಚಿತ್ರಗಳು. ಕೊನೆಯ ಪುಟದಲ್ಲಿ, ಇದನ್ನೆಲ್ಲ ನಮ್ಮಲ್ಲೂ ಅಳವಡಿಸಿಕೊಳ್ಳಬಹುದು ಅನ್ನೋ ಶಿಫಾರಸು. ಇಂಥ ವರದಿ ಸಿಕ್ಕಿದಾಗೆಲ್ಲ ಕೂತು ಓದೋ ಚಟ ನನಗಿದೆ.

ಸ್ವೀಡನ್ ಈ ಪ್ರಕಾರದ ಅಚ್ಚುಮೆಚ್ಚಿನ ವಸ್ತು. ಯುರೋಪಿನ ಬೇರೆ ಊರುಗಳ ಪುರಸಭೆ ನೌಕರರು ಅಲ್ಲಿಗೆ ಹೋಗ್ತಾರೆ, ಏಷ್ಯಾ, ಆಫ್ರಿಕಾದಿಂದಲೂ ತಂಡಗಳು ಬರ್ತವೆ. ಅಂಥ ವಿನಿಮಯಕ್ಕೆ ಅಂತಲೇ ಸ್ವೀಡನ್ನಿನ ವಿಸ್ಬೀ ಪಟ್ಟಣದಲ್ಲಿ ಐಸಿಎಲ್‌ಡಿ ಅನ್ನೋ ಸಂಸ್ಥೆ ಇದೆ. 2008ರಲ್ಲಿ ಶುರುವಾದದ್ದು, ಸರ್ಕಾರದ ನೆರವಿನ ಹಣದಲ್ಲಿ ನಡೆಯೋದು.

ಟಿವಿಯವರು ಇಂಥ ಪ್ರವಾಸಗಳನ್ನ ಟೀಕಿಸೋದು ಒಂದೇ ಪದದಿಂದ: ದುಂದುವೆಚ್ಚ. ನನ್ನ ತಕರಾರು ಅದಲ್ಲ. ಒಬ್ಬ ಎಂಜಿನಿಯರ್ ಹತ್ತು ದಿನ ಹೊರಗೆ ಹೋಗಿ ಒಂದು ಒಳ್ಳೆ ವಿಚಾರ ಹೊತ್ತು ತಂದರೆ ವಿಮಾನದ ಟಿಕೆಟ್ ಅಗ್ಗವೇ. ಅವರು ನೋಡೋದೇನು, ಕೇಳೋದೇನು, ವಾಪಸ್ ಬಂದಮೇಲೆ ಅವರ ಕೈಯಲ್ಲಿ ಏನು ಮಾಡೋಕಾಗತ್ತೆ ಅನ್ನೋದು ನನ್ನ ಪ್ರಶ್ನೆ.

ಒಂದು ಜಾಗ ಹಿಡಿದು ಮಾತಾಡೋಣ. ಕೆಲಸದ ಮೇಲೆ ನಾನು ನಾಲ್ಕು ವರ್ಷ ಇದ್ದ ಊರು ಮಾಲ್ಮೋ. ಅಲ್ಲಿ ಆಗಸ್ಟೆನ್‌ಬೋರ್ಗ್ ಅಂತ ಒಂದು ಬಡಾವಣೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಟ್ಟಿದ ಸಾಧಾರಣ ಬಾಡಿಗೆ ಮನೆಗಳು. ಮಳೆನೀರು, ಕೊಳಚೆ ಎರಡೂ ಒಂದೇ ಕೊಳವೆಯಲ್ಲಿ ಹರೀತಿದ್ದರಿಂದ ಜೋರು ಮಳೆ ಬಂದಾಗಲೆಲ್ಲ ನೆಲಮಾಳಿಗೆಗಳಿಗೆ ಕೊಳಚೆ ನುಗ್ತಿತ್ತು. 1998ರಿಂದ ಅಲ್ಲಿ ಬೇರೆ ದಾರಿ ಹಿಡಿದರು. ಮಳೆನೀರನ್ನ ನೆಲದಡಿಯ ಕೊಳವೆಗೆ ಬಿಡೋ ಬದಲು ಮನೆಗಳ ನಡುವೆ ಸುಮಾರು 6 ಕಿಲೋಮೀಟರ್ ತೆರೆದ ಕಾಲುವೆ, 10 ಹೊಂಡ ಮಾಡಿದರು. ಛಾವಣಿಗಳ ಮೇಲೆ ಗಿಡ ಬೆಳೆಸಿದರು. 2014ರ ಆಗಸ್ಟ್ 31ರಂದು ಮಾಲ್ಮೋದಲ್ಲಿ ಕೆಲವೇ ಗಂಟೆಗಳಲ್ಲಿ 100 ಮಿಲಿಮೀಟರ್‌ನಷ್ಟು ಮಳೆ ಸುರಿದು ಊರಿಗೆ ಊರೇ ಮುಳುಗಿದಾಗ, ಅಕ್ಕಪಕ್ಕದ ಬಡಾವಣೆಗಳಿಗೆ ಹೋಲಿಸಿದರೆ ಇಲ್ಲಿ ಹಾನಿ ತುಂಬಾ ಕಡಿಮೆಯಾಯಿತು.

ಹೀಗಾಗಿ ಬರೋ ತಂಡಗಳೆಲ್ಲ ಅಲ್ಲಿಗೆ ಹೋಗ್ತವೆ. ನಾನೇ ಎಷ್ಟೋ ಸಲ ನೋಡಿದೀನಿ. ಕಾಲುವೆ ಪಕ್ಕ ನಿಂತು ಫೋಟೊ, ಛಾವಣಿ ಹತ್ತಿ ಫೋಟೊ, ಆಮೇಲೆ ಬಸ್ಸು. ವರದಿಗೆ ಬರೋದೂ ಅಷ್ಟೇ: ಕಾಲುವೆಯ ಅಗಲ, ಛಾವಣಿಯ ವಿಸ್ತೀರ್ಣ.

ಕಾಲುವೆ ತೋಡೋದು ಅಲ್ಲಿ ಸುಲಭದ ಕೆಲಸವಾಗಿತ್ತು. ಹಾಗೆ ನೋಡಿದರೆ ನಮ್ಮ ಬೆಂಗಳೂರಿಗೂ ಕಾಲುವೆ ಹೊಸದಲ್ಲ. ರಾಜಕಾಲುವೆಗಳು ಮೊದಲಿಂದಲೂ ಇವೆ, ಈಗ ಅವು ಯಾವ ಸ್ಥಿತಿಯಲ್ಲಿವೆ ಅಂತ ಮಳೆಗಾಲದಲ್ಲಿ ಬೆಳ್ಳಂದೂರಿನ ಕಡೆ ಆಫೀಸಿಗೆ ಹೋಗೋರಿಗೆ ಹೇಳಬೇಕಿಲ್ಲ. ಆಗಸ್ಟೆನ್‌ಬೋರ್ಗ್‌ನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಈ ನೆಲ ಯಾರದು ಅನ್ನೋದು. ಅಲ್ಲಿನ ಬಾಡಿಗೆ ಮನೆಗಳು ಎಂಕೆಬಿ ಅನ್ನೋ ಕಂಪನಿಯವು, ಆ ಕಂಪನಿ ನಗರಸಭೆಯದೇ. ಮನೆ ಮಾಲೀಕನೂ ನಗರಸಭೆ, ನೀರಿನ ಜವಾಬ್ದಾರಿಯೂ ನಗರಸಭೆಯದು. ಅದಕ್ಕೇ ಅಂಗಳದಲ್ಲಿ ಕಾಲುವೆ ತೋಡೋಕೆ ಅವರಿಗೆ ಕೋರ್ಟಿಗೆ ಅಲೆಯೋ ಪಾಡು ಬರಲಿಲ್ಲ. ಎರಡನೇ ಪ್ರಶ್ನೆ, ಕಾಲುವೆಗೆ ಎಲೆ, ಕಸ ತುಂಬಿದಾಗ ಯಾರು ತೆಗೀತಾರೆ, ಯಾವ ಇಲಾಖೆಯ ದುಡ್ಡಲ್ಲಿ? ಮೂರನೇದು, ಬಾಡಿಗೆದಾರರನ್ನ ಹೇಗೆ ಒಪ್ಪಿಸಿದರು? ಅಲ್ಲಿ ಸಭೆಗಳ ಮೇಲೆ ಸಭೆ ಮಾಡಿ, ನಿವಾಸಿಗಳ ಮಾತು ಕೇಳಿ ಕೆಲಸ ನಡೆಸಿದಾರೆ. ಈ ಸಭೆಗಳು ಫೋಟೊದಲ್ಲಿ ಕಾಣಲ್ಲ.

ಇನ್ನೊಂದು ವಿಷಯ ಸಂಬಳದ ಸ್ಲಿಪ್ಪಿನಲ್ಲಿದೆ. ಸ್ವೀಡನ್ನಿನಲ್ಲಿ ಬಹುಪಾಲು ನೌಕರರು ಕಟ್ಟೋ ಆದಾಯ ತೆರಿಗೆ ತಮ್ಮ ಪುರಸಭೆಗೂ ಪ್ರಾಂತ್ಯಕ್ಕೂ ಹೋಗತ್ತೆ. ಎರಡೂ ಸೇರಿ ಸರಾಸರಿ ಸುಮಾರು 32 ಪರ್ಸೆಂಟ್. ಆದಾಯ ಒಂದು ಮಿತಿ ದಾಟಿದ ಮೇಲಷ್ಟೇ ರಾಷ್ಟ್ರ ಸರ್ಕಾರಕ್ಕೆ 20 ಪರ್ಸೆಂಟ್ ಕಟ್ಟಬೇಕು. ತೆರಿಗೆ ದರ ಎಷ್ಟಿರಬೇಕು ಅಂತ ತೀರ್ಮಾನಿಸೋದು ಆಯಾ ಊರಿನ ಚುನಾಯಿತ ಕೌನ್ಸಿಲ್. ಅಂಥ ಪುರಸಭೆಗಳು ದೇಶದಲ್ಲಿ 290 ಇವೆ, ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಚುನಾವಣೆ. ನಮ್ಮ ಟಿಡಿಎಸ್ ಹೋಗೋದು ದಿಲ್ಲಿಗೆ. ಪಾಲಿಕೆಗೆ ನಾವು ನೇರವಾಗಿ ಕಟ್ಟೋದು ಹೆಚ್ಚೆಂದರೆ ಆಸ್ತಿ ತೆರಿಗೆ, ಅದೂ ಸ್ವಂತ ಮನೆ ಇದ್ದರೆ. ಬಿಬಿಎಂಪಿಯ ಚುನಾಯಿತ ಕೌನ್ಸಿಲ್ಲಿನ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. 2025ರಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆಯೋವರೆಗೂ ಚುನಾವಣೆಯೇ ನಡೆಯಲಿಲ್ಲ. ಮಾಲ್ಮೋದ ಕಾಲುವೆಯನ್ನ ಇಲ್ಲಿಗೆ ತರಬೇಕು ಅನ್ನೋ ವರದಿಯಲ್ಲಿ ಇದರ ಬಗ್ಗೆ ಒಂದು ಪ್ಯಾರಾ ಆದರೂ ಬೇಡವೇ?

ವರದಿಗಳ ಇನ್ನೊಂದು ದೋಷ, ಆತಿಥೇಯರ ಸೋಲುಗಳ ಬಗ್ಗೆ ಮೌನ. ಮಾಲ್ಮೋದ ಪಶ್ಚಿಮ ಬಂದರಿನಲ್ಲಿ 2001ರಲ್ಲಿ ಬೊ01 ಅನ್ನೋ ವಸತಿ ಪ್ರದರ್ಶನ ನಡೆಯಿತು. ಹಡಗು ಕಟ್ಟೋ ಕಾರ್ಖಾನೆ ಮುಚ್ಚಿಹೋದ ಜಾಗದಲ್ಲಿ ಹೊಸ ಮನೆಗಳು ಎದ್ದವು. ಪ್ರವಾಸಿ ತಂಡಗಳಿಗೆ ಇದೂ ಕಡ್ಡಾಯ ನಿಲ್ದಾಣ. ಅಲ್ಲಿನ ಮನೆಗಳು ಚದರ ಮೀಟರಿಗೆ ವರ್ಷಕ್ಕೆ 105 ಯೂನಿಟ್‌ಗಿಂತ ಹೆಚ್ಚು ಶಕ್ತಿ ಬಳಸಬಾರದು ಅಂತ ಗುರಿ ಇತ್ತು. ಜನ ವಾಸಕ್ಕೆ ಬಂದಮೇಲೆ ಅಳೆದು ನೋಡಿದರೆ ಎಷ್ಟೋ ಮನೆಗಳು ಆ ಗುರಿಯನ್ನ ಮೀರಿದ್ದವು. ಬೆಲೆಯೂ ದುಬಾರಿ, ಸಾಮಾನ್ಯರಿಗೆ ಎಟುಕಲ್ಲ ಅನ್ನೋ ಟೀಕೆಯೂ ಬಂತು. ಇದೇನೂ ಗುಟ್ಟಲ್ಲ. ಸರ್ಕಾರಿ ಕಡತ ಜನರಿಗೆ ತೆರೆದಿರಬೇಕು ಅಂತ ಆ ದೇಶ 1766ರಲ್ಲೇ ಕಾನೂನು ಮಾಡಿದೆ. ಕೇಳಿದರೆ ಹೇಳ್ತಾರೆ. ಆದರೆ ಅತಿಥಿಗಳು ಕೇಳಲ್ಲ, ಮರ್ಯಾದೆ ಅಲ್ಲ ಅಂದ್ಕೊಳ್ತಾರೆ. ಎಲ್ಲಿ ಎಡವಿದಿರಿ ಅಂತ ಕೇಳದಿದ್ದ ಮೇಲೆ ಅಷ್ಟು ದೂರ ಹೋಗೋದು ಯಾಕೆ? ಚೆನ್ನಾಗಿರೋದರ ವಿಡಿಯೊ ಯೂಟ್ಯೂಬಿನಲ್ಲೇ ಸಿಗತ್ತಲ್ಲ.

ಯಾರು ಹೋಗ್ತಾರೆ ಅನ್ನೋದೂ ಮುಖ್ಯ. 2017ರಲ್ಲಿ ಕರ್ನಾಟಕ ಸರ್ಕಾರ ಪೌರಕಾರ್ಮಿಕರ ತಂಡಗಳನ್ನ ಸಿಂಗಪುರಕ್ಕೆ ಕಳಿಸಿತು. ಆಗ ಆಫೀಸಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿದ ಜೋಕುಗಳು ನನಗೆ ನೆನಪಿವೆ. ನನ್ನ ಪ್ರಕಾರ ನಮ್ಮ ಪ್ರವಾಸಗಳಲ್ಲಿ ತಕ್ಕ ಜನ ಹೋದದ್ದು ಅದೊಂದೇ. ಕೆಲಸ ಗೊತ್ತಿರೋರು ನೋಡಿದರೆ ಯಂತ್ರದ ಜೊತೆಗೆ ಕೈಗವಸು, ಕುಡಿಯೋ ನೀರು, ಬಟ್ಟೆ ಬದಲಿಸೋ ಕೋಣೆ ಕೂಡ ಕಣ್ಣಿಗೆ ಬೀಳ್ತವೆ. ಆದರೆ ನೋಡಿ ಬಂದದ್ದನ್ನ ಜಾರಿಗೆ ತರೋ ಅಧಿಕಾರ ಅವರ ಕೈಯಲ್ಲಿರಲಿಲ್ಲ. ಇನ್ನೊಂದು ಕಡೆ, ಅಧಿಕಾರ ಇರೋ ಸಾಹೇಬರು ಹೋಗಿಬಂದ ಆರು ತಿಂಗಳಿಗೆ ವರ್ಗಾವಣೆ. ಸ್ವೀಡನ್ನಿನ ಕಾಲುವೆ ನೋಡಿ ಬಂದವರು ರೇಷ್ಮೆ ಇಲಾಖೆಯಲ್ಲಿ ಕೂತಿರ್ತಾರೆ.

ವಿನಿಮಯ ಅಂದರೆ ಕೊಡೋದು, ತಗೊಳ್ಳೋದು ಎರಡೂ ಇರಬೇಕು. ಐಸಿಎಲ್‌ಡಿಯ ಪಾಲುದಾರಿಕೆಗಳಲ್ಲಿ ಸ್ವೀಡನ್ನಿನವರೂ ಕಲೀಬೇಕು ಅನ್ನೋದು ಒಂದು ತತ್ವ. ಒಳ್ಳೆ ತತ್ವವೇ. ನಮ್ಮ ಜೂನಿಯರ್ ಎಂಜಿನಿಯರ್ ಮಾಲ್ಮೋದ ಜಲ ಇಲಾಖೆಯಲ್ಲಿ ಮೂರು ತಿಂಗಳು ಅವರ ಮೇಜಿನ ಪಕ್ಕ ಕೂತು ಕೆಲಸ ಮಾಡಲಿ. ಅಲ್ಲಿಯವರೊಬ್ಬರು ಇಲ್ಲಿನ ವಾರ್ಡ್ ಆಫೀಸಿನಲ್ಲಿ ಒಂದು ಮಳೆಗಾಲ ಕಳೆಯಲಿ. ಇಷ್ಟು ಕಮ್ಮಿ ದುಡ್ಡಲ್ಲಿ, ಇಷ್ಟು ಕಮ್ಮಿ ಜನ ಇಟ್ಟುಕೊಂಡು ಊರು ಹೇಗೆ ನಡೀತಿದೆ ಅಂತ ಅವರೂ ಬರೀಲಿ. ಆ ವರದಿಯನ್ನ ಓದೋಕೆ ನಾನು ಕಾಯ್ತಿರ್ತೀನಿ.

ಅಲ್ಲೀವರೆಗೆ ನಾವು ಮಾಡಬಹುದಾದ ಕೆಲಸ ಒಂದಿದೆ. ನಮಗೂ 2005ರಿಂದ ಮಾಹಿತಿ ಹಕ್ಕು ಇದೆ. ಹತ್ತು ರೂಪಾಯಿ ಕಟ್ಟಿ, ನಿಮ್ಮ ಊರಿನ ಪಾಲಿಕೆಯ ಕೊನೆಯ ವಿದೇಶಿ ಅಧ್ಯಯನ ಪ್ರವಾಸದ ವರದಿ ತರಿಸಿಕೊಳ್ಳಿ. ಅರ್ಜಿಯಲ್ಲಿ ಇನ್ನೂ ಎರಡು ಸಾಲು ಸೇರಿಸಿ: ಹೋಗಿಬಂದವರಲ್ಲಿ ಎಷ್ಟು ಜನ ಈಗಲೂ ಅದೇ ಹುದ್ದೆಯಲ್ಲಿದಾರೆ, ಶಿಫಾರಸುಗಳಲ್ಲಿ ಎಷ್ಟಕ್ಕೆ ಕಡತ ತೆರೆದಿದೆ?