ದ್ವಾರಕೆಯ ದೂತಿ, ಗೋಕಾಕ ಸೀಮೆಯ ಮಾತು

1989ರಲ್ಲಿ ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗ್ ‘ಸ್ಲಿಪ್‌ಸ್ಟ್ರೀಮ್’ ಎಂಬ ಹೆಸರನ್ನು ಚಲಾವಣೆಗೆ ತಂದಾಗ, ವಿಜ್ಞಾನದ ಕತೆಗೂ ಸೇರದ, ವಾಸ್ತವವಾದಕ್ಕೂ ಒಗ್ಗದ ಬರಹವನ್ನು ಯಾವ ಕಪಾಟಿನಲ್ಲಿಡುವುದೆಂಬ ಚರ್ಚೆ ಎದ್ದಿತು. ಕಪಾಟಿನ ಚಿಂತೆ ಅಂಗಡಿಯವರದು.

ಗೋಕಾಕ ಸೀಮೆಯ ಕುಲಗೋಡದಲ್ಲಿ ಆ ಚಿಂತೆ ಯಾರಿಗೂ ಇರಲಿಲ್ಲ. ಅಪರಾಳ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ವನ್ನು ತಿದ್ದಿ, ಬೆಳೆಸಿ, ಬಯಲಾಟವಾಗಿಸಿದವನು ಕುಲಗೋಡ ತಮ್ಮಣ್ಣ. ಪಕ್ಕದ ಕೌಜಲಗಿಯ ನಿಂಗಮ್ಮ ಅದೇ ಆಟದಿಂದ ಹೆಸರಾದವರು. ನಾರದ ತಂದ ಹೂ ರುಕ್ಮಿಣಿಯ ಮುಡಿಗೆ ಹೋಯಿತು, ಸತ್ಯಭಾಮೆ ಮುನಿದಳು, ಕತೆ ಇಷ್ಟೇ. ಸ್ವಾರಸ್ಯವಿರುವುದು ಭಾಮೆಯ ದೂತಿಯಲ್ಲಿ. ಭಾಮೆ ಪುರಾಣದ ಠೀವಿಯಲ್ಲಿ ಹಾಡಿದರೆ, ಪಕ್ಕದಲ್ಲೇ ನಿಂತ ದೂತಿ ನಮ್ಮ ಓಣಿಯ ಮಾತಿನಲ್ಲಿ ಅದಕ್ಕೊಂದು ಕೊಕ್ಕೆ ಹಾಕುತ್ತಾಳೆ. ಭಾಗವತ ಅವಳನ್ನು ಕೆಣಕುತ್ತಾನೆ. ದ್ವಾರಕೆ ಎಲ್ಲಿ ಮುಗಿದು ಸಂತೆ ಎಲ್ಲಿ ಶುರುವಾಯಿತೆಂದು ಬೆಳಗಾಗುವವರೆಗೂ ಯಾರೂ ಕೇಳುವುದಿಲ್ಲ. ಅವಳೂ ಬೆರಗುಪಡುವುದಿಲ್ಲ. ಸ್ಲಿಪ್‌ಸ್ಟ್ರೀಮ್ ಕತೆಯ ಕಸುಬೆಲ್ಲ ಆ ಬೆರಗುಪಡದ ಮುಖದಲ್ಲಿದೆ.

ಇಲ್ಲಿ ಒಂದು ಹಳೆಯ ಬಾಕಿ ಚುಕ್ತಾ ಮಾಡಬೇಕು. ಚಂದ್ರಶೇಖರ ಕಂಬಾರರ ‘ಕರಿಮಾಯಿ’ ಕಾದಂಬರಿ (1975) ಓದಿ, ದೇವಿಯ ಅಪ್ಪಣೆಯೂ ಊರಿನ ರಾಜಕಾರಣವೂ ಒಂದೇ ಅಂಗಳದಲ್ಲಿ ನಡೆಯುವುದು ಕಂಡಕೂಡಲೇ ಕೊಲಂಬಿಯಾದ ಮಾರ್ಕ್ವೆಜ್‌ನ ನೆರಳು ಹುಡುಕುವ ವಿಮರ್ಶಕರಿದ್ದಾರೆ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿ, ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆಯೇ ಸಂಶೋಧನೆ ಮಾಡಿದ ಕಂಬಾರರು ಇದನ್ನು ಕಲಿಯಲು ಕೊಲಂಬಿಯಾಕ್ಕೆ ಹೋಗಬೇಕಿತ್ತೇ?

ಇನ್ನು ಕತೆಗಾರರ ಪಂಗಡವೊಂದರದು ಬೇರೆ ರೋಗ. ಕತೆಯನ್ನು ಚೆನ್ನಾಗಿಯೇ ವಿಚಿತ್ರಗೊಳಿಸಿ, ಕೊನೆಯ ಪುಟದಲ್ಲಿ ನಾಯಕನನ್ನು ಹಾಸಿಗೆಯಿಂದ ಎಬ್ಬಿಸಿಬಿಡುತ್ತಾರೆ. ಕನಸಂತೆ! ನಮ್ಮ ದಿನಗಳಿಗೆ ಅಂಥ ಸೌಲಭ್ಯ ಎಲ್ಲಿದೆ? ಅಜ್ಜ ಮಣ್ಣಾಗಿ ಎಷ್ಟೋ ವರ್ಷವಾದರೂ ಪಹಣಿ ಉತಾರದಲ್ಲಿ ಹೊಲ ಅವನದೇ. ಮೊಮ್ಮಗ ಪೌತಿ ಖಾತೆಗಾಗಿ ಕಾಗದ ಹೊತ್ತು ತಿರುಗಿ, ಅಜ್ಜ ಸತ್ತದ್ದು ನಿಜವೆಂದು ರುಜುವಾತು ಮಾಡಬೇಕು. ತೀರಿಕೊಂಡ ತಾಯಿಯ ನಂಬರು ಕಂಪನಿಯಿಂದ ಬೇರೆಯವರ ಪಾಲಾಗುತ್ತದೆ. ಒಂದು ದಿನ ವಾಟ್ಸಾಪ್ ತೆರೆದರೆ ‘ಅವ್ವ’ ಎಂಬ ಹೆಸರಿನ ಪಕ್ಕದಲ್ಲಿ ಕಪ್ಪು ಕನ್ನಡಕದ ಹುಡುಗನೊಬ್ಬ ಬೈಕಿಗೆ ಒರಗಿ ನಿಂತಿರುತ್ತಾನೆ.

ಇದಕ್ಕೆ ತಂತ್ರಜ್ಞಾನದ ವಿವರಣೆ ಬರೆದರೆ ಕತೆ ಕೆಟ್ಟಿತು; ಕಣ್ಣೀರು ಸುರಿಸಿದರೆ ಇನ್ನೂ ಕೆಟ್ಟಿತು. ಫೋನನ್ನು ದೂತಿಯ ಕೈಗೆ ಕೊಡಿ. ಆ ಬೈಕಿನ ಹುಡುಗನನ್ನು ಅವಳು ಮೊದಲು ಕೇಳುವುದು, “ಯವ್ವಾ, ಊಟಾ ಆತೇನ?”