ತೋಟಕ್ಕೆ ಬಿದ್ದರೆ ಔಟ್

ವಿನಯ್ ಕುಮಾರ್ ಅವರ ಲೆಗ್ ಕಟರ್ ಬಗ್ಗೆ ಈ ವಾರ ಬರೆಯುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ. ಅದು ಆಗುವುದಿಲ್ಲ. ಬುಧವಾರ ಸಂಜೆ ನಾಲ್ಕಾಗಿದೆ, ಪತ್ರಿಕೆಯಿಂದ ಎರಡು ಸಲ ಫೋನ್ ಬಂದಿದೆ. ನನ್ನ ತಲೆಯೊಳಗೆ ಮಾತ್ರ ಭಾನುವಾರ ಉಬ್ರಾಣಿಯಲ್ಲಿ ನೋಡಿದ ಒಂದು ಬಾಲು ಬಂದು ಕೂತಿದೆ, ಎಬ್ಬಿಸಿದರೂ ಏಳುತ್ತಿಲ್ಲ. ದಾವಣಗೆರೆಯ ಬೌಲರ್ ಕ್ಷಮಿಸಲಿ. ಪ್ರಥಮ ದರ್ಜೆಯಲ್ಲಿ 504 ವಿಕೆಟ್ ಕಿತ್ತವರಿಗೆ ಇನ್ನೊಂದು ವಾರ ಕಾಯುವುದೇನು ಮಹಾ.

ಉಬ್ರಾಣಿಗೆ ಹೋಗಿದ್ದು ಒಂದು ಗೃಹಪ್ರವೇಶದ ಊಟಕ್ಕೆ. ಹೋಳಿಗೆ ಎರಡು ಹೆಚ್ಚೇ ಆಯಿತು. ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಊರ ಹೊರಗಿನಿಂದ ಮೈಕಿನ ದನಿ ಕೇಳಿಸಿತು. ಕ್ರಿಕೆಟ್ ಹುಚ್ಚು ಹಿಡಿದವನಿಗೆ ಇಷ್ಟು ಸಾಕು. ಹೋಗಿ ನೋಡಿದರೆ ಹುಡುಗರ ಕಪ್. ಹದಿನಾರು ವರ್ಷದೊಳಗಿನವರು, ಟೆನಿಸ್ ಬಾಲ್, ಆರಾರು ಓವರ್, ನಾಕೌಟ್. ಹದಿನಾರು ತಂಡ ಹೆಸರು ಕೊಟ್ಟಿದ್ದವು. ಫ್ಲೆಕ್ಸಿನಲ್ಲಿ ಆಡುವವರಿಗಿಂತ ದಾನಿಗಳ ಮುಖವೇ ಹೆಚ್ಚು, ಅದು ನಮ್ಮ ಕಡೆ ಮಾಮೂಲು. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಕಪ್ಪುಗಳೂ ಹುಟ್ಟಿಕೊಳ್ಳುತ್ತವೆ. ಮುಂಗಾರಿನ ಮೊದಲ ಮಳೆ ಬಿದ್ದರೆ ಅಲ್ಲಿಗೆ ಸೀಸನ್ ಮುಗಿಯಿತು.

ಮೈದಾನ ಅಂದರೆ ಬೆಳೆ ಎತ್ತಿದ ಮೆಕ್ಕೆಜೋಳದ ಹೊಲ. ಒಂದು ಬದಿಗೆ ರಸ್ತೆ. ಇನ್ನೊಂದು ಬದಿಗೆ, ಪಿಚ್ಚಿನಿಂದ ಮೂವತ್ತು ಹೆಜ್ಜೆಗೆಲ್ಲ ಅಡಿಕೆ ತೋಟದ ಬೇಲಿ. ಬೌಲಿಂಗ್ ಒಂದೇ ಕಡೆಯಿಂದ, ಹಾಗಾಗಿ ಬಲಗೈ ಹುಡುಗರಿಗೆ ತೋಟ ಯಾವತ್ತೂ ಆಫ್ ಸೈಡಿಗೇ.

ಓಪನಿಂಗ್ ಬಂದವನಿಗೆ ಹದಿಮೂರೋ ಹದಿನಾಲ್ಕೋ ಇರಬೇಕು. ಅಣ್ಣನದ್ದಿರಬಹುದಾದ ಜೆರ್ಸಿ ಮಂಡಿವರೆಗೆ ಇಳಿದಿತ್ತು. ಮೊದಲ ಬಾಲೇ ಆಫ್ ಸ್ಟಂಪಿನಾಚೆ ಗಿಡ್ಡವಾಗಿ ಬಿತ್ತು. ಹುಡುಗ ಅವಸರ ಮಾಡಲಿಲ್ಲ. ಹಿಂದಕ್ಕೆ ಒಂದು ಹೆಜ್ಜೆ ಇಟ್ಟ, ಬಾಲು ತನ್ನನ್ನು ದಾಟಿ ಹೋಗಿಯೇಬಿಟ್ಟಿತು ಅನ್ನಿಸುವವರೆಗೂ ಕಾದ, ಆಮೇಲೆ ಮಣಿಕಟ್ಟನ್ನು ಅದರ ಮೇಲೆ ಇಳಿಸಿದ. ಪಾಯಿಂಟಿನಲ್ಲಿ ನಿಂತಿದ್ದವನು ಬಗ್ಗುವಷ್ಟರಲ್ಲಿ ಬಾಲು ಒಂದು ಪುಟಿ ನೆಗೆದು ಬೇಲಿಯೊಳಗೆ ಹೋಗಿತ್ತು. ನಾನು ಆಹಾ ಅನ್ನುವುದಕ್ಕೂ ಅಂಪೈರ್ ಬೆರಳೆತ್ತುವುದಕ್ಕೂ ಸರಿಹೋಯಿತು.

ಪಕ್ಕದಲ್ಲಿ ಕಡ್ಲೆಕಾಯಿ ಬಿಡಿಸುತ್ತಿದ್ದವರನ್ನು ಕೇಳಿದೆ. ‘ತೋಟಕ್ಕೆ ಬಿದ್ರೆ ಔಟು ಸರ್. ಬಾಲ್ ಹುಡುಕೋಕೆ ನುಗ್ಗಿ ಡ್ರಿಪ್ ಪೈಪೆಲ್ಲ ತುಳಿದು ಹಾಕ್ತಾರೆ. ತೋಟದವ್ರು ಒಪ್ಪಿರೋದೇ ಈ ರೂಲ್ಸ್ ಮೇಲೆ’ ಅಂದರು. ತೋಟದವರದ್ದೂ ತಪ್ಪಲ್ಲ. ಪೈಪಿನ ದುಡ್ಡು ಕ್ರಿಕೆಟ್ ಕಮಿಟಿ ಕೊಡುತ್ತದೆಯೇ?

ಆ ಹುಡುಗನ ತಂಡ ಸೋತಿತು. ಎಲ್ಲರೂ ಲಗೇಜ್ ಆಟೊ ಹತ್ತುತ್ತಿದ್ದರು. ಹತ್ತಿರ ಹೋಗಿ, ‘ಮುಂದಿನ ಮ್ಯಾಚ್ ಯಾವಾಗಪ್ಪಾ?’ ಎಂದೆ. ‘ಮುಂದಿನ ವರ್ಷ ಸರ್’ ಅಂದ. ತಮಾಷೆಗೆ ಹೇಳಿದ್ದಲ್ಲ.

ಕಪ್ ಮೇಲೆ ನನಗೆ ಹಳೆಯ ಸಿಟ್ಟಿದೆ, ಈ ಅಂಕಣದ ಖಾಯಂ ಓದುಗರಿಗೆ ಗೊತ್ತು. ಹದಿನಾರು ತಂಡದ ನಾಕೌಟಿನಲ್ಲಿ ಒಟ್ಟು 15 ಪಂದ್ಯ. ಮೊದಲ ಸುತ್ತಿಗೇ ಎಂಟು ತಂಡ, ಅಂದರೆ 88 ಹುಡುಗರು ಮನೆಗೆ. ಅವರಲ್ಲಿ ಅರ್ಧದಷ್ಟು ಜನಕ್ಕೆ ಬ್ಯಾಟು ಸಿಕ್ಕಿರುವುದಿಲ್ಲ, ಬೌಲಿಂಗೂ ಸಿಕ್ಕಿರುವುದಿಲ್ಲ. ಬಿಸಿಲಲ್ಲಿ ಆರು ಓವರ್ ನಿಂತು, ಕಿತ್ತಳೆ ಬಣ್ಣದ ಶರಬತ್ತು ಕುಡಿದು ಬಂದಿರುತ್ತಾರೆ. ಸೊನ್ನೆಗೆ ಔಟಾದವನ ಪಾಡು ಇನ್ನೂ ಕಷ್ಟ, ಅವನು ಆ ಸೊನ್ನೆಯನ್ನು ಒಂದು ವರ್ಷ ಹೊತ್ತು ತಿರುಗಬೇಕು. ಲೀಗಿನಲ್ಲಾದರೆ ಅದರ ಆಯಸ್ಸು ಏಳು ದಿನ.

ನಮ್ಮ ಚನ್ನಗಿರಿ ತಾಲ್ಲೂಕಿನ ಒಂದು ಮಗ್ಗುಲಿಗೆ ದಾವಣಗೆರೆ, ಇನ್ನೊಂದು ಮಗ್ಗುಲಿಗೆ ಭದ್ರಾವತಿ. ವಿನಯ್ ಕುಮಾರ್ ದಾವಣಗೆರೆಯಲ್ಲಿ ಹುಟ್ಟಿದ್ದು 1984ರ ಫೆಬ್ರುವರಿ 12ರಂದು. ಅದೇ ಫೆಬ್ರುವರಿ 12ಕ್ಕೆ, 35 ವರ್ಷ ಮೊದಲು, ಭದ್ರಾವತಿಯಲ್ಲಿ ಹುಟ್ಟಿದವರು ಗುಂಡಪ್ಪ ವಿಶ್ವನಾಥ್. ಈ ತಾರೀಕನ್ನು ಹಬ್ಬವಾಗಿ ಆಚರಿಸದ ತಾಲ್ಲೂಕು ನಮ್ಮದು! ಇರಲಿ. ವಿಶಿ ಮೊದಲ ಟೆಸ್ಟ್ ಆಡಿದ್ದು 1969ರ ನವೆಂಬರಿನಲ್ಲಿ, ಕಾನ್ಪುರದಲ್ಲಿ, ಆಸ್ಟ್ರೇಲಿಯಾ ಮೇಲೆ. ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ. ಕ್ಯಾಪ್ಟನ್ ಪಟೌಡಿ ಹತ್ತಿರ ಬಂದು, ತಲೆ ಕೆಡಿಸಿಕೊಳ್ಳಬೇಡ, ಎರಡನೆಯದರಲ್ಲಿ ನೂರು ಹೊಡೆಯುತ್ತೀಯ ಎಂದು ಧೈರ್ಯ ಹೇಳಿದರೆಂಬುದನ್ನು ವಿಶಿಯೇ ಎಷ್ಟೋ ಸಲ ನೆನೆದಿದ್ದಾರೆ. ಎರಡನೆಯದರಲ್ಲಿ 137. ಅದೇ ಟೆಸ್ಟನ್ನು ನಮ್ಮ ಕಮಿಟಿಯವರು ನಡೆಸಿದ್ದರೆ ಭದ್ರಾವತಿಯ ಹುಡುಗ ಸೊನ್ನೆ ಹೊತ್ತು ಲಗೇಜ್ ಆಟೊ ಹತ್ತುತ್ತಿದ್ದ.

ಕೆಲವರಿಗೆ ಕುಮಾರವ್ಯಾಸ, ಕೆಲವರಿಗೆ ಡಿವಿಜಿ. ಬೇಸರವಾದಾಗ ತೆಗೆದು ಓದಲು ನನಗಿರುವ ಕಾವ್ಯ ಒಂದು ಸ್ಕೋರ್ ಕಾರ್ಡು. ಶಿವಮೊಗ್ಗದ ನವುಲೆ, ಸವಳಂಗ ರಸ್ತೆ, 2024ರ ಜನವರಿ 12ರಿಂದ 15. ಹತ್ತೊಂಬತ್ತು ವರ್ಷದೊಳಗಿನವರ ಕೂಚ್ ಬೆಹಾರ್ ಟ್ರೋಫಿಯ ಫೈನಲ್, ಕರ್ನಾಟಕಕ್ಕೆ ಮುಂಬೈ ಎದುರು. ಮುಂಬೈ 380, ಅದರಲ್ಲಿ ಆಯುಷ್ ಮ್ಹಾತ್ರೆ 145. ಕರ್ನಾಟಕ 223 ಓವರ್ ಆಡಿ 8 ವಿಕೆಟಿಗೆ 890. ಹರ್ಷಿಲ್ ಧರ್ಮಾನಿ 169. ಓಪನಿಂಗ್ ಬಂದ ಪ್ರಖರ್ ಚತುರ್ವೇದಿ ಔಟಾಗದೆ 404. ಆ ಟ್ರೋಫಿಯ ಫೈನಲ್ಲಿನಲ್ಲಿ ಅಲ್ಲಿಯವರೆಗಿನ ದೊಡ್ಡ ಸ್ಕೋರು ಯುವರಾಜ್ ಸಿಂಗ್ ಅವರ 358. ಜಮ್‌ಶೆಡ್‌ಪುರದಲ್ಲಿ, ಧೋನಿ ಆಡಿದ್ದ ಬಿಹಾರ ತಂಡ ಇಡೀ ಇನ್ನಿಂಗ್ಸಿನಲ್ಲಿ ಮಾಡಿದ್ದಕ್ಕಿಂತ ಸರಿಯಾಗಿ ಒಂದು ರನ್ ಹೆಚ್ಚು.

ಇಷ್ಟು ಎಲ್ಲರೂ ಓದಿರುತ್ತೀರಿ. ನಾನು ಓದುವುದು ಅದರ ಪಕ್ಕದ ಕಾಲಂ. 638 ಎಸೆತ, 46 ಬೌಂಡರಿ, 3 ಸಿಕ್ಸರ್. ಲೆಕ್ಕ ಹಾಕಿ: ಬೌಂಡರಿಯಲ್ಲಿ 184, ಸಿಕ್ಸರಿನಲ್ಲಿ 18, ಕೂಡಿದರೆ 202. ಉಳಿದ 202 ಓಡಿ ಗಳಿಸಿದ್ದು. ನಾನೂರ ನಾಲ್ಕರಲ್ಲಿ ತಕ್ಕಡಿ ಹಿಡಿದು ತೂಗಿದ ಹಾಗೆ ಅರ್ಧಕ್ಕರ್ಧ ಕಾಲಿನ ಗಳಿಕೆ! ಇನ್ನು 638 ಎಸೆತವನ್ನು ಉಬ್ರಾಣಿಯ ಅಳತೆಗೆ ತಂದರೆ, ಅಲ್ಲಿ ಒಂದು ತಂಡದ ಪೂರ್ತಿ ಇನ್ನಿಂಗ್ಸಿಗೆ 36 ಬಾಲು. ಹದಿನೇಳು ತಂಡದ ಬಾಲೆಲ್ಲ ಒಬ್ಬನೇ ಆಡಿದರೂ ಪ್ರಖರ್ ಇನ್ನೂ 26 ಬಾಲು ಆಡಬೇಕಿತ್ತು. ಕೊನೆಯ ದಿನ ಸಂಕ್ರಾಂತಿ. ಮನೆಮನೆಯಲ್ಲಿ ಎಳ್ಳು ಬೀರುತ್ತಿದ್ದರೆ ನವುಲೆಯಲ್ಲಿ ಮುಂಬೈ ಹುಡುಗರು ಇನ್ನೂ ಬಾಲು ಹೆಕ್ಕುತ್ತಿದ್ದರು. ಮೊದಲ ಇನ್ನಿಂಗ್ಸಿನ 510 ರನ್ ಮುನ್ನಡೆಯ ಮೇಲೆ ಕಪ್ ಕರ್ನಾಟಕಕ್ಕೆ ಬಂತು.

ಹೌದು, ಅದೂ ಕಪ್ಪೇ, ಫೈನಲ್ಲೇ. ಆದರೆ ಅಲ್ಲಿಗೆ ಬರುವ ಮೊದಲು ಲೀಗ್ ಪಂದ್ಯಗಳಿವೆ. ಸೋತರೂ, ಕೆಟ್ಟ ಹೊಡೆತಕ್ಕೆ ಔಟಾದರೂ ಮತ್ತೆ ಪ್ಯಾಡ್ ಕಟ್ಟಬಹುದಾದ ದಿನಗಳಿವೆ. 223 ಓವರ್ ಬಿಸಿಲು ತಿಂದ ತಂಡದ ಆಯುಷ್ ಮ್ಹಾತ್ರೆ ಮರುವರ್ಷವೇ ಐಪಿಎಲ್‌ನಲ್ಲಿ ಚೆನ್ನೈಗೆ ಆಡಿದ್ದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ.

ಈಗ ನನ್ನ ವಿರುದ್ಧ ಪಕ್ಷದವರ ಮಾತು. ಬೇಸಿಗೆ ಶಿಬಿರವೊಂದರ ಕೋಚ್ ಒಬ್ಬರು ಹಿಂದೊಮ್ಮೆ ನನ್ನ ಮುಖಕ್ಕೇ ಹೇಳಿದ್ದರು: ಮೊದಲ ಬಾಲಿನಿಂದ ಎತ್ತಿ ಹೊಡೆಯುವುದನ್ನು ಕಲಿಸದಿದ್ದರೆ ಅಪ್ಪಂದಿರು ಫೀಸು ಕಟ್ಟುವುದಿಲ್ಲ, ನಿಮ್ಮ ಕಾಲದ ಕ್ರಿಕೆಟ್ ಮ್ಯೂಸಿಯಮ್ಮಿನಲ್ಲಿದೆ. ಅವತ್ತು ಉತ್ತರ ತೋಚಲಿಲ್ಲ. ನವುಲೆಯ ಕಾರ್ಡಿನ ಒಂದು ಜೆರಾಕ್ಸ್ ತೆಗೆಸಿ ಇಟ್ಟಿದ್ದೇನೆ, ಸಿಕ್ಕರೆ ಕೊಡಬೇಕು. ಲೀಗ್ ಅಂದರೆ ದುರ್ಬಲರ ಹತ್ಯಾಕಾಂಡ ಎಂದೂ ಅವರು ಅಂದಿದ್ದರು. ಅದನ್ನು ಮಾತ್ರ ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ. ಬೆಂಗಳೂರಿನ ಶಾಲೆಗಳು ಆಡುವ ಬಿಟಿಆರ್ ಕಪ್, 2018ರ ಜನವರಿ, ಹದಿನಾಲ್ಕು ವರ್ಷದೊಳಗಿನವರು. ಒಂದು ಶಾಲೆ 5 ವಿಕೆಟಿಗೆ 500. ಸುನಿಲ್ ಜೋಶಿಯವರ ಮಗ ಆರ್ಯನ್ 154, ದ್ರಾವಿಡ್ ಮಗ ಸಮಿತ್ 150. ಎದುರಿನ ಶಾಲೆ 88ಕ್ಕೆ ಆಲೌಟ್. ಪೇಪರಿನವರೆಲ್ಲ ಆ ಎರಡು ಶತಕಗಳ ಬಗ್ಗೆ ಬರೆದರು. ಐವತ್ತು ಓವರ್ ಬಾಲು ಹಾಕಿದ ಮಕ್ಕಳು ಅವತ್ತು ಸಂಜೆ ಮನೆಗೆ ಹೋಗಿ ಏನು ಹೇಳಿದರೋ ಎಂದು ನನಗೆ ಈಗಲೂ ಕುತೂಹಲ. ಆ ಮಕ್ಕಳಿಗೂ ಬೇಕಾಗಿದ್ದು ಇನ್ನೊಂದು ಪಂದ್ಯ ತಾನೇ, ತಮ್ಮ ತೂಕದವರ ಜೊತೆ?

ಬರೆಯಲು ಕೂತಾಗ ಇಲ್ಲಿಗೇ ನಿಲ್ಲಿಸುವ ಅಂದಾಜಿತ್ತು. ಆದರೆ ಲೀಗೋ ಕಪ್ಪೋ ಅನ್ನುವುದಕ್ಕಿಂತ ಆ ತೋಟದ ಬೇಲಿಯೇ ಹೆಚ್ಚು ಕಾಡುತ್ತಿದೆ.

ವಿಶಿಯ ಸ್ಕ್ವೇರ್ ಕಟ್ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1975ರ ಜನವರಿ, ಮದ್ರಾಸು. ಆ್ಯಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತರು, ಭಾರತ ಇಡೀ ತಂಡ ಸೇರಿ 190, ಅದರಲ್ಲಿ ವಿಶಿ ಔಟಾಗದೆ 97. ನೂರಾಗದ ಆ ಇನ್ನಿಂಗ್ಸ್ ಅವರ 14 ಟೆಸ್ಟ್ ಶತಕಗಳಿಗಿಂತ ಮೇಲೆ ಎನ್ನುವವರ ಸಾಲಿನಲ್ಲಿ ನಾನೂ ಇದ್ದೇನೆ. ಆ ಕಟ್ ಇದ್ದದ್ದು ತಡೆದು ನಿಲ್ಲುವುದರಲ್ಲಿ. ಕುಳ್ಳಗಿನ ಮನುಷ್ಯ ಬೆನ್ನಟ್ಟಿ ಹೋಗುತ್ತಿರಲಿಲ್ಲ, ಬಾಲು ತನ್ನ ಹತ್ತಿರ ಬಂದು ಮಾತಾಡಿಸಿ ಹೋಗಲಿ ಎಂದು ಕಾಯುತ್ತಿದ್ದರು. ಅದು ಹೇಳಿಕೊಟ್ಟು ಬರುವುದಲ್ಲ, ಮಣಿಕಟ್ಟಿಗೆ ತಾನಾಗಿ ಹತ್ತಬೇಕು. ಭಾನುವಾರ ಆ ಹುಡುಗನ ಮಣಿಕಟ್ಟಿಗೆ ಹತ್ತಿತ್ತು. ಅವನಿಗೆ ವಿಶಿ ಯಾರೆಂದು ಗೊತ್ತಿರುವುದೂ ಅನುಮಾನ.

ನಮ್ಮ ಅರೆಮಲೆನಾಡಿನ ಎಷ್ಟು ಮೈದಾನಗಳ ಪಕ್ಕ ತೋಟವಿದೆ, ಯೋಚಿಸಿ. ಎಲ್ಲ ಕಡೆಯೂ ಇದೇ ಕಾನೂನು. ಹಾಗಾಗಿ ಬಲಗೈ ಹುಡುಗರೆಲ್ಲ ಆಫ್ ಸ್ಟಂಪಿನಾಚೆಯ ಬಾಲನ್ನೂ ಎಳೆದು ರಸ್ತೆ ಕಡೆಗೇ ಬೀಸುತ್ತಾರೆ. ನಾವು ಗ್ಯಾಲರಿಯಲ್ಲಿ ಕೂತು ಈಗಿನ ಹುಡುಗರಿಗೆ ಟೆಕ್ನಿಕ್ಕೇ ಇಲ್ಲ ಎಂದು ಗೊಣಗುತ್ತೇವೆ. ಎಡಗೈಯವರು ಮಾತ್ರ ಕಟ್ ಕಲಿತುಕೊಂಡಿದ್ದಾರೆ, ಅವರಿಗೆ ತೋಟ ಲೆಗ್ಗಿಗೆ ಬರುತ್ತದೆ! ವಿಶಿ ಹುಟ್ಟಿದ ಊರಿನ ಪಕ್ಕದ ತಾಲ್ಲೂಕಿನಲ್ಲೇ ಅವರ ಹೊಡೆತಕ್ಕೆ ಔಟ್ ಕೊಡುತ್ತಿದ್ದೇವೆ.

ಪರಿಹಾರಕ್ಕೆ ಸ್ಟೇಡಿಯಂ ಬೇಕಿಲ್ಲ. ಅಡಿಕೆ ಮನೆಗಳಲ್ಲಿ ಹಳೆಯ ನೆರಳು ಪರದೆ ಬೇಕಾದಷ್ಟು ಬಿದ್ದಿರುತ್ತದೆ. ಬೇಲಿಗುಂಟ ಆಳೆತ್ತರಕ್ಕೆ ಎಳೆದು ಕಟ್ಟಿದರೆ ನೆಲದ ಮೇಲಿನ ಬಾಲು ಒಳಗೆ ಹೋಗುವುದಿಲ್ಲ, ಪೈಪೂ ಉಳಿಯುತ್ತದೆ. ಪರದೆಗೆ ತಾಗಿದರೆ ನಾಲ್ಕು. ಮೇಲೆ ಹಾರಿಸಿದವನನ್ನು ಬೇಕಾದರೆ ಔಟ್ ಕೊಡಿ, ಎತ್ತಿ ಹೊಡೆಯುವವರ ಪರ ನಾನು ವಕಾಲತ್ತು ವಹಿಸುವುದಿಲ್ಲ.

ಇನ್ನು ಲೀಗು. ಉಬ್ರಾಣಿ, ಜೋಳದಾಳು, ನಲ್ಲೂರು, ತಾವರೆಕೆರೆ. ನಾಲ್ಕೇ ಊರಿನ ಹುಡುಗರು, ಪ್ರತಿಯೊಬ್ಬರ ಜೊತೆ ಎರಡೆರಡು ಸಲ ಆಡಿದರೆ 12 ಪಂದ್ಯ. ಭಾನುವಾರಕ್ಕೆ ಎರಡರಂತೆ ಆರು ಭಾನುವಾರ, ಪ್ರತಿ ತಂಡಕ್ಕೂ ಆರು ಮ್ಯಾಚು ಗ್ಯಾರಂಟಿ. ಓವರ್ ಹದಿನೈದು ಇರಲಿ. ಎಂಟ್ರಿ ಫೀಸು, ಮೈಕು, ಫ್ಲೆಕ್ಸು ಬೇಡ. ಆರಂಭಿಸುವ ಮನಸ್ಸಿರುವವರು ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಸ್ಕೋರ್ ಪುಸ್ತಕ, ಎರಡು ಪೆನ್ಸಿಲ್ ಹಿಡಿದುಕೊಂಡು ನಾನು ಬರುತ್ತೇನೆ. ಆ ಹುಡುಗನ ಊರು ಕೇಳಿಕೊಳ್ಳುವುದನ್ನು ಮರೆತೆ. ಮಂಡಿವರೆಗಿನ ಜೆರ್ಸಿಯವನು, ಓಪನರ್. ಗೊತ್ತಿದ್ದವರು ಅವನಿಗೂ ಹೇಳಿ.